ವಿದೇಶಿ ಭಾಷೆ ನಡುದಾರಿಯಲ್ಲಿ ನಿಂತುಹೋದಂತೆ ಕಾಣುವುದೇಕೆ?

ಮೊದಲ ಎರಡು ಮೂರು ತಿಂಗಳಲ್ಲಿ ಹೊಸ ಭಾಷೆ ಬೇಗ ಒಲಿಯುತ್ತದೆ. ಪರಿಚಯ ಹೇಳಿಕೊಳ್ಳುವುದು, ಸಮಯ ಕೇಳುವುದು, ದಾರಿ ವಿಚಾರಿಸುವುದು ಎಲ್ಲ ಬಂದುಬಿಡುತ್ತದೆ. ಆಮೇಲೆ ಅಷ್ಟೇ ಹೊತ್ತು ಓದಿದರೂ ಒಂದಿಂಚೂ ಮುಂದೆ ಹೋಗಿಲ್ಲ ಅನ್ನಿಸತೊಡಗುತ್ತದೆ. 'ನನಗೆ ಭಾಷೆ ಹತ್ತುವುದಿಲ್ಲ' ಎಂದು ವಿದ್ಯಾರ್ಥಿಗಳು ಕೈಬಿಡುವುದು ಹೆಚ್ಚಾಗಿ ಇಲ್ಲೇ. ಆದರೆ ಕಾರಣ ಇರುವುದು ಪದಗಳ ಲೆಕ್ಕದಲ್ಲಿ.

ಇಂಗ್ಲಿಷನ್ನೇ ತೆಗೆದುಕೊಳ್ಳಿ. ಅತಿ ಹೆಚ್ಚು ಬಳಕೆಯ 1000 ಪದಗಳು ಸಾಮಾನ್ಯ ಬರಹದ ಸುಮಾರು ಮುಕ್ಕಾಲು ಭಾಗಕ್ಕೆ ಸಾಕಾಗುತ್ತವೆ. ಮುಂದಿನ 1000 ಕಲಿತರೆ ಹೆಚ್ಚುವರಿಯಾಗಿ ಸಿಗುವುದು ಶೇ. 10ಕ್ಕಿಂತ ಕಡಿಮೆ, ಅದರಾಚೆಯ ಸಾವಿರಕ್ಕೆ ಇನ್ನೂ ಕಡಿಮೆ. ದುಡಿಮೆ ಅಷ್ಟೇ, ಕೂಲಿ ಮಾತ್ರ ಇಳಿಯುತ್ತ ಹೋಗುತ್ತದೆ. ಇಂಗ್ಲಿಷ್ ಪರೀಕ್ಷೆ ನಡೆಸುವ ಕೇಂಬ್ರಿಜ್ ಸಂಸ್ಥೆ ಕೊಡುವ ಅಂದಾಜಿನಲ್ಲೂ ಇದು ಕಾಣುತ್ತದೆ: ಇಂಗ್ಲಿಷ್‌ನಲ್ಲಿ ಎ2 ಮಟ್ಟಕ್ಕೆ (ಯುರೋಪಿನ ಆರು ಭಾಷಾ ಮಟ್ಟಗಳಲ್ಲಿ ಎರಡನೆಯದು) 180ರಿಂದ 200 ಗಂಟೆ, ಅದರ ಮುಂದಿನ ಬಿ1ಕ್ಕೆ ಒಟ್ಟು 350ರಿಂದ 400.

ಹಾಗಾಗಿ ಓದಲು ಏನು ಆರಿಸುತ್ತೀರಿ ಎಂಬುದು ಮುಖ್ಯ. 100 ಪದಗಳ ಒಂದು ಭಾಗ ಎತ್ತಿಕೊಂಡು ಗೊತ್ತಿಲ್ಲದ ಪದ ಎಣಿಸಿ. ಎರಡು ಅಥವಾ ಕಡಿಮೆ ಇದ್ದರೆ ನಿಘಂಟು ಮುಟ್ಟದೆ ಓಡಿಸಿಕೊಂಡು ಓದಿ. ಐದರವರೆಗೆ ಇದ್ದರೆ ದಿನಕ್ಕೆ ಒಂದು ಪುಟ, ನಿಧಾನವಾಗಿ. ಅದಕ್ಕೂ ಹೆಚ್ಚಿದ್ದರೆ ಸದ್ಯಕ್ಕೆ ಪಕ್ಕಕ್ಕಿಡಿ. ಎರಡನೇ ಸೆಮಿಸ್ಟರ್‌ನಲ್ಲೇ ಪತ್ರಿಕೆಯ ಸಂಪಾದಕೀಯಕ್ಕೆ ಕೈ ಹಾಕುವುದು ಸುಮ್ಮನೆ ಹುಮ್ಮಸ್ಸು ಕಳೆದುಕೊಳ್ಳುವ ದಾರಿ.

ಎರಡನೇ ತೊಡಕು ಫ್ಲ್ಯಾಶ್‌ಕಾರ್ಡ್‌ಗಳದ್ದು, ಅಂದರೆ ಒಂದು ಬದಿಗೆ ಪದ, ಇನ್ನೊಂದು ಬದಿಗೆ ಅರ್ಥ ಇರುವ ಕಾರ್ಡ್‌ಗಳದ್ದು. ಆಂಕಿ ಎಂಬ ಆ್ಯಪ್‌ನಲ್ಲಿ ದಿನಕ್ಕೆ 20 ಹೊಸ ಕಾರ್ಡ್ ಎಂದು ಮೊದಲೇ ಹೊಂದಿಸಿರುತ್ತದೆ. ಮೊದಲ ವಾರ ಹಗುರ. ಆದರೆ ಪ್ರತಿ ಕಾರ್ಡೂ ಮತ್ತೆ ಮತ್ತೆ ಬರುತ್ತದಲ್ಲ, ಕೆಲವು ವಾರಗಳಲ್ಲಿ ದಿನದ ಮರುನೋಟ ಹೊಸ ಕಾರ್ಡ್‌ಗಳ ಏಳೆಂಟು ಪಟ್ಟಿಗೆ, ಕೆಲವೊಮ್ಮೆ ಹತ್ತು ಪಟ್ಟಿಗೆ ಏರುತ್ತದೆ. ಅಂದರೆ ದಿನಕ್ಕೆ 150 ದಾಟಿತು. ಬೇರೆ ವಿಷಯಗಳ ಪರೀಕ್ಷೆಗೆಂದು ಒಂದು ವಾರ ಬಿಟ್ಟರೆ ನೂರಾರು ಕಾರ್ಡ್ ಕಾಯುತ್ತಿರುತ್ತವೆ. ಆ ಸಂಖ್ಯೆ ನೋಡಿದವರು ಆ್ಯಪ್ ತೆರೆಯುವುದನ್ನೇ ನಿಲ್ಲಿಸುತ್ತಾರೆ. ಹೊಸ ಕಾರ್ಡ್ ದಿನಕ್ಕೆ 8 ಸಾಕು. ಪರೀಕ್ಷೆಗೆ ಎರಡು ವಾರ ಮೊದಲೇ ಅದನ್ನು ಸೊನ್ನೆಗಿಳಿಸಿ, ಮರುನೋಟ ಮಾತ್ರ ಬಿಡಬೇಡಿ. ಈಗಾಗಲೇ ರಾಶಿ ಬಿದ್ದಿದ್ದರೆ ಹೊಸದು ಸೊನ್ನೆಯಲ್ಲೇ ಇರಲಿ. ದಿನಕ್ಕೆ ನೂರಿನ್ನೂರು ಎಂದು ಮಿತಿ ಹಾಕಿ ಕರಗಿಸಿ. ಎಷ್ಟು ಸಲ ನೋಡಿದರೂ ನೆನಪಿಗೆ ಕೂರದ ಕಾರ್ಡ್‌ನ ಹಿಂದೆ ಹೆಚ್ಚಾಗಿ ಅದನ್ನೇ ಹೋಲುವ ಇನ್ನೊಂದು ಪದ ಅಡಗಿರುತ್ತದೆ. ಎರಡರಲ್ಲಿ ಒಂದನ್ನು ತಿಂಗಳ ಮಟ್ಟಿಗೆ ತೆಗೆದಿಡಿ, ಉಳಿದದ್ದನ್ನು ಪುಟ್ಟ ವಾಕ್ಯದೊಳಗೆ ಹಾಕಿ.

ಕಾರ್ಡ್‌ನಲ್ಲಿ ಏನು ಬರೆಯುತ್ತೀರಿ ಎಂಬುದೂ ನೋಡಬೇಕು. ಜರ್ಮನ್ ನಾಮಪದವನ್ನು ಒಂಟಿಯಾಗಿ ಬರೆಯಲೇಬೇಡಿ. ಲಿಂಗ ತೋರಿಸುವ ಡೆರ್, ಡೀ, ಡಾಸ್‌ಗಳಲ್ಲಿ ಒಂದು ಮತ್ತು ಬಹುವಚನ ಜೊತೆಗಿರಲಿ. ಕನ್ನಡದಲ್ಲಿ ಮೇಜು, ಕಿಟಕಿ ಎಲ್ಲ ನಪುಂಸಕವೇ ಆದ್ದರಿಂದ ವಸ್ತುವಿಗೆ ಲಿಂಗ ಊಹಿಸುವ ಅಭ್ಯಾಸ ನಮಗಿಲ್ಲ. 'ಉಂಗ್', 'ಹೈಟ್', 'ಕೈಟ್' ಪ್ರತ್ಯಯಗಳು ಸೇರಿ ಆದ ಪದಗಳು ಸ್ತ್ರೀಲಿಂಗ ಎಂಬಂಥ ಸುಳಿವುಗಳು ಮಾತ್ರ ಉಪಯೋಗಕ್ಕೆ ಬರುತ್ತವೆ.

ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲಿ ಗೀಚಿಕೊಳ್ಳುವುದು ಜಪಾನಿಗೆ ಚೆನ್ನಾಗಿ ಒಗ್ಗುತ್ತದೆ. ಹ್ರಸ್ವ, ದೀರ್ಘ, ಒತ್ತಕ್ಷರ ಎಲ್ಲ ನಮ್ಮಲ್ಲೇ ಇವೆ. ಜರ್ಮನ್, ಫ್ರೆಂಚ್‌ಗೆ ಇದೇ ಅಭ್ಯಾಸ ಕೆಡುಕು. ಅಲ್ಲಿನ ಕೆಲವು ಸ್ವರಗಳಿಗೆ ನಮ್ಮಲ್ಲಿ ಅಕ್ಷರವೇ ಇಲ್ಲ. 'ಈ' ಎನ್ನುತ್ತ, ನಾಲಿಗೆ ಕದಲಿಸದೆ, ತುಟಿಯನ್ನು ಮಾತ್ರ 'ಊ'ಗೆ ದುಂಡಗೆ ಮಾಡಿ. ಅಂಥ ಒಂದು ಸ್ವರ ಬಂತು.

ಕೇಳುವ ಅಭ್ಯಾಸಕ್ಕೆ ಒಂದು ನಿಮಿಷದ ಧ್ವನಿ ತುಣುಕು ಧಾರಾಳ. ಎರಡು ಸಲ ಬರಹವಿಲ್ಲದೆ ಕೇಳಿ, ಆಮೇಲೆ ಬರಹ ನೋಡಿ ತಪ್ಪಿದಲ್ಲಿ ಗುರುತು ಹಾಕಿ, ಮತ್ತೆ ಕೇಳಿ. ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಂಡು ಧಾರಾವಾಹಿ ನೋಡಿದರೆ ಇಂಗ್ಲಿಷ್ ಓದು ಸುಧಾರಿಸೀತು, ಕಲಿಯುತ್ತಿರುವ ಭಾಷೆಯನ್ನು ಕೇಳುವುದಲ್ಲ.

ಇನ್ನು ಮಾತು. ಜಪಾನಿ ಭಾಷಾ ಸಾಮರ್ಥ್ಯ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಮಾತಿನ ಪರೀಕ್ಷೆಯೇ ಇಲ್ಲ, ಬರೆಯುವುದೂ ಇಲ್ಲ. ಉತ್ತರ ಆರಿಸಿದರೆ ಮುಗಿಯಿತು. ಅದರ ಐದು ಹಂತಗಳಲ್ಲಿ ನಡುವಿನದಾದ ಎನ್3 ಪಾಸಾದವರು ಫೋನಿನಲ್ಲಿ ತಡವರಿಸಿದರೆ ಅಚ್ಚರಿಯಿಲ್ಲ. ಮಾತಿಗೆ ವಾರದಲ್ಲಿ ಬೇರೆಯೇ ಹೊತ್ತು ಬೇಕು: ಒಂದು ವಿಷಯ, ಎರಡು ನಿಮಿಷ, ಫೋನಿನಲ್ಲಿ ರೆಕಾರ್ಡಿಂಗ್. ಪದ ಸಿಗದೆ ತಡೆದ ಜಾಗಗಳನ್ನು ಬರೆದುಕೊಂಡು, ಮರುದಿನ ಅದೇ ವಿಷಯವನ್ನು ಮತ್ತೊಮ್ಮೆ ಮಾತಾಡಿ.