ಅಂಗೈಗೆ ಹಗುರ ಅನಿಸಿದ ಉಂಗುರ

ವಿರಾಜಪೇಟೆಯಲ್ಲಿ ನಮ್ಮದು ಸಣ್ಣ ಅಂಗಡಿ, ಅಪ್ಪನ ಕಾಲದಿಂದಲೂ ಪತ್ತಾರ ಕೆಲಸ. ಕೊಕ್ಕೆತಾತಿ, ಜೋಮಾಲೆ, ಪತ್ತಾಕ್ ಇಂಥ ಕೊಡವರ ಚಿನ್ನದ ಒಡವೆ ಕೈಗೆ ಬಂದರೆ ಎಲ್ಲಿ ಬೆಂಕಿ ತಾಗಿಸಬಹುದು, ಎಲ್ಲಿ ಬಾರದು ಅಂತ ನೋಡಿದ ಕೂಡಲೇ ಹೇಳುತ್ತೇನೆ. ಜೋಮಾಲೆಯ ಗುಂಡಿನ ಒಳಗೆ ಅರಗು ತುಂಬಿರುತ್ತದೆ. ಅದನ್ನು ಮರೆತು ಬೆಸುಗೆಗೆ ಕೂತರೆ ಗುಂಡು ಹೋಯಿತು ಅಂತಲೇ ಲೆಕ್ಕ. ಚಿನ್ನದ ವಿಷಯದಲ್ಲಿ ಇಷ್ಟು ಎಚ್ಚರ ಇರುವ ನಾನು, ಬಿಳಿ ಲೋಹ ಬಂದಾಗ ಎಡವಿದೆ.

ಕೈಲ್ ಪೊಳ್ದ್ ಹಬ್ಬ ಹತ್ತಿರ ಬಂದಿತ್ತು, ಅಂಗಡಿ ತುಂಬ ಕೆಲಸ. ಕಾಫಿ ತೋಟದ ಮನೆಯ ಸೊಸೆಯೊಬ್ಬರು ಮದುವೆ ಉಂಗುರ ತಂದರು. ಇಂಗ್ಲೆಂಡಿನಲ್ಲಿ ಕೊಂಡದ್ದು, ಬೆರಳಿಗೆ ಬಿಗಿಯಾಗಿದೆ, ಸ್ವಲ್ಪ ದೊಡ್ಡದು ಮಾಡಿಕೊಡಿ ಅಂದರು. ಒಳಗೆ 950 ಅಂತ ಮುದ್ರೆ, ಅಂದರೆ ಸಾವಿರದಲ್ಲಿ 950 ಪಾಲು ಶುದ್ಧ ಲೋಹ. ಪ್ಲಾಟಿನಂ ಅಂದುಕೊಂಡೆ. ಅಂಗೈಯಲ್ಲಿ ಇಟ್ಟಾಗ ಹಗುರ ಅನಿಸಿದ್ದು ನಿಜ. ಆದರೆ ಮುದ್ರೆಯನ್ನು ನಂಬಿದೆ, ಕೈಯನ್ನು ನಂಬಲಿಲ್ಲ.

ಉಂಗುರ ಕತ್ತರಿಸಿ, ನಡುವೆ ಪ್ಲಾಟಿನಂ ತುಂಡು ಇಟ್ಟು ಟಾರ್ಚ್ ಹಚ್ಚಿದೆ. ಕಾಯುತ್ತಿದ್ದ ಹಾಗೆ ಮೇಲ್ಮೈ ನೀಲಿ, ಆಮೇಲೆ ನೇರಳೆ ಬಣ್ಣಕ್ಕೆ ತಿರುಗಿತು. ಪ್ಲಾಟಿನಂ ಬೆಂಕಿಯಲ್ಲಿ ಬಣ್ಣ ಬದಲಿಸುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಅಲ್ಲೇ ನಿಲ್ಲಿಸಬೇಕಿತ್ತು. ಕೊಳೆ ಇರಬೇಕು ಅಂತ ಗ್ಯಾಸ್ ಜಾಸ್ತಿ ಮಾಡಿದೆ. ಆರಿದ ಮೇಲೆ ಕೋಲಿಗೆ ಏರಿಸಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟಿಕ್ ಅಂತ ಸದ್ದು. ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು.

ಅದು ಪಲ್ಲಾಡಿಯಂ. 1802ರಲ್ಲಿ ವುಲಾಸ್ಟನ್ ಎಂಬ ಇಂಗ್ಲಿಷ್ ವಿಜ್ಞಾನಿ ಕಂಡುಹಿಡಿದ ಲೋಹ, ಪ್ಲಾಟಿನಂ ಬಳಗದ್ದೇ. ಇಂಗ್ಲೆಂಡಿನಲ್ಲಿ 2010ರಿಂದ ಇದಕ್ಕೂ ಹಾಲ್‌ಮಾರ್ಕ್ ಕಡ್ಡಾಯ. ಎರಡು ಲೋಹಕ್ಕೂ 950 ಅನ್ನುವ ಅಂಕಿ ಇರುತ್ತದೆ, ಅಂಕಿಯ ಸುತ್ತಲಿನ ಚೌಕಟ್ಟಿನ ಆಕಾರ ಮಾತ್ರ ಬೇರೆ. ಪ್ಲಾಟಿನಂ ಕರಗಲು 1768 ಡಿಗ್ರಿ ಬೇಕು, ಪಲ್ಲಾಡಿಯಂಗೆ 1555 ಸಾಕು. ಅದಕ್ಕಿಂತ ದೊಡ್ಡ ಅಪಾಯ ಹೈಡ್ರೋಜನ್. ಪಲ್ಲಾಡಿಯಂ ತನ್ನ ಗಾತ್ರದ ನೂರಾರು ಪಟ್ಟು ಹೈಡ್ರೋಜನ್ ಹೀರಿಕೊಳ್ಳುತ್ತದೆ. ಗ್ಯಾಸ್ ಹೆಚ್ಚಿದ ಜ್ವಾಲೆಯಲ್ಲಿ ಹೈಡ್ರೋಜನ್ ಇರುತ್ತದೆ, ಅದನ್ನು ಹಿಡಿದರೆ ಒಳಗಿಂದೊಳಗೇ ಪೆಡಸಾಗಿ ಬಿರಿಯುತ್ತದೆ.

ಸಂಜೆ ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಮದುವೆ ಉಂಗುರ ಅಲ್ವಾ, ಅವರ ಕಣ್ಣು ತುಂಬಿತು. ನನಗೂ ಆ ರಾತ್ರಿ ನಿದ್ದೆ ಇಲ್ಲ. ಬೆಂಗಳೂರಿನಲ್ಲಿ ಲೇಸರ್ ಬೆಸುಗೆ ಮಾಡುವವರ ಹತ್ತಿರ ಒಯ್ದು, ಪಲ್ಲಾಡಿಯಂ ತುಂಡನ್ನೇ ಕೂಡಿಸಿ ಸರಿ ಮಾಡಿಸಿದೆ. ಖರ್ಚು ಪೂರ್ತಿ ನನ್ನದೇ.

ಈಗ ಕಲ್ಲಿಲ್ಲದ ಯಾವ ಬಿಳಿ ಉಂಗುರ ಬಂದರೂ ಮೊದಲು ನೀರಿನ ತೂಕ. ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡುತ್ತೇನೆ. ಉಂಗುರವನ್ನು ದಾರದಲ್ಲಿ ಕಟ್ಟಿ, ತಳಕ್ಕೆ ತಾಗದ ಹಾಗೆ ನೀರೊಳಗೆ ಇಳಿಬಿಡುತ್ತೇನೆ. ಉಂಗುರ ಸರಿಸಿದ ನೀರಿನ ತೂಕ ತಕ್ಕಡಿಯಲ್ಲಿ ಕಾಣುತ್ತದೆ, ಲೋಹ ಹಗುರವಾದಷ್ಟೂ ಅದು ಜಾಸ್ತಿ. 6 ಗ್ರಾಂ ಉಂಗುರ ಪ್ಲಾಟಿನಂ ಆದರೆ ತಕ್ಕಡಿ ಸುಮಾರು 0.29 ಗ್ರಾಂ ತೋರಿಸುತ್ತದೆ. 18 ಕ್ಯಾರೆಟ್ ಬಿಳಿ ಚಿನ್ನಕ್ಕೆ 0.39ರ ಆಸುಪಾಸು. ಪಲ್ಲಾಡಿಯಂಗೆ ಅರ್ಧ ಗ್ರಾಂ. ಎರಡು ನಿಮಿಷದ ಕೆಲಸ.

ಬಿಳಿ ಚಿನ್ನದ ಇನ್ನೊಂದು ಮಾತು. ಉಂಗುರ ಹಳದಿಯಾಯಿತು, ಮೋಸ ಮಾಡಿದರು ಅಂತ ಬೇಜಾರಿನಿಂದ ಬರುವವರು ತುಂಬ ಜನ. ಮೋಸ ಅಲ್ಲ. ಚಿನ್ನಕ್ಕೆ ಪಲ್ಲಾಡಿಯಂ ಅಥವಾ ನಿಕ್ಕಲ್ ಬೆರೆಸಿದರೂ ಸ್ವಲ್ಪ ಹಳದಿ ಛಾಯೆ ಉಳಿಯುತ್ತದೆ. ಅದರ ಮೇಲೆ ರೋಡಿಯಂ ಎಂಬ ದುಬಾರಿ ಬಿಳಿ ಲೋಹದ ಲೇಪ ಕೊಡುತ್ತಾರೆ, ತೀರಾ ತೆಳು. 2021ರಲ್ಲಿ ಒಂದು ಔನ್ಸ್ ರೋಡಿಯಂ 30 ಸಾವಿರ ಡಾಲರ್ ಹತ್ತಿರ ಹೋಗಿತ್ತು. ಆಗ ಚಿನ್ನ 2 ಸಾವಿರಕ್ಕೂ ಕಡಿಮೆ. ಉಜ್ಜಾಟ ಇರುವ ಕಡೆ ಆ ಲೇಪ ಸವೆದು ಕೆಳಗಿನ ಬಣ್ಣ ಕಾಣುತ್ತದೆ, ಅಷ್ಟೇ. ಮತ್ತೆ ಲೇಪ ಹಾಕಿಸಿದರೆ ಮೊದಲಿನ ಹಾಗೆ.

ಆ ಸೊಸೆ ಹೋದ ತಿಂಗಳು ಅತ್ತೆಯ ಜೋಮಾಲೆ ಪೋಣಿಸಲು ತಂದಿದ್ದರು. ಬೆರಳಲ್ಲಿ ಅದೇ ಉಂಗುರ ಇತ್ತು. ಬೆಸುಗೆಯ ಜಾಗ ಎಲ್ಲಿ ಅಂತ ನಾನೇ ಹುಡುಕಬೇಕಾಯಿತು.