ಹಲಸಿನ ಮರ ಉಳಿಯಿತು, ಚಂದನ ಬಂತು

ಪಕ್ಕದ ಮನೆಯವರು ಫೈಬರ್ ಹಾಕಿಸಿಕೊಂಡ ಮೇಲೆ ಅವರ ಹಳೇ ಡಿಶ್ ಕೊಟ್ಟಿಗೆ ಗೋಡೆಗೆ ಒರಗಿಕೊಂಡು ಬಿದ್ದಿತ್ತು. ಅಪ್ಪಯ್ಯ 300 ರೂಪಾಯಿ ಕೊಟ್ಟು ತಂದರು. ತಿಂಗಳು ತಿಂಗಳು ದುಡ್ಡು ಕಟ್ಟುವುದು ಬೇಡ, ಡಿಡಿ ಫ್ರೀ ಡಿಶ್‌ನಲ್ಲಿ ಚಂದನ ಬಂದರೆ ಸಾಕು ಅಂತ ಅಮ್ಮನ ಆಸೆ. ತೀರ್ಥಹಳ್ಳಿ ಪೇಟೆಯಿಂದ ಬಾಕ್ಸೂ ಬಂತು. ಮೇ ತಿಂಗಳಲ್ಲಿ ನಾನು ರಜೆಗೆ ಊರಿಗೆ ಹೋಗುವಷ್ಟರಲ್ಲಿ ಡಿಶ್ ಬಚ್ಚಲುಮನೆ ತಾರಸಿ ಮೇಲೆ ಕೂತಿತ್ತು. ಚಿತ್ರ ಮಾತ್ರ ಚೂರು ಚೂರಾಗಿ ಒಡೆದು ನಿಂತುಬಿಡುತ್ತಿತ್ತು.

ಅಪ್ಪಯ್ಯ ಕತ್ತಿ ಮಸೆದಿಟ್ಟಿದ್ದರು. ಅಂಗಳದಾಚೆಯ ಹಲಸಿನ ಮರವೇ ಅಡ್ಡ, ಮೇಲಿನ ಎರಡು ಕೊಂಬೆ ಕಡಿದರೆ ಆಯ್ತು ಅಂತ ಅವರ ಲೆಕ್ಕ. ನನಗೆ ಆ ಮರ ಅಂದರೆ ಜೀವ. "ಒಂದು ದಿನ ತಡೀರಿ ಅಪ್ಪಯ್ಯ" ಅಂದೆ.

ಫ್ರೀ ಡಿಶ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. ಅದು ಇರುವುದು ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ, 93.5 ಡಿಗ್ರಿ ಪೂರ್ವದಲ್ಲಿ. ನಮ್ಮೂರಿಗೆ ಅದು ಆಗ್ನೇಯ ದಿಕ್ಕು, ನೆಲದಿಂದ 63 ಡಿಗ್ರಿಯಷ್ಟು ಮೇಲೆ. ಡಿಶ್ ಮುಖ ನೋಡಿದರೆ ಅದು ಮರದ ತುದಿಯನ್ನೇ ನೋಡುತ್ತಿದೆ ಅನ್ನಿಸುತ್ತದೆ. ಆದರೆ ಕೆಳಗಿನ ತೋಳಿನಲ್ಲಿ ಎಲ್‌ಎನ್‌ಬಿ (ಸಿಗ್ನಲ್ ಹಿಡಿದು ಕೇಬಲ್‌ಗೆ ಕೊಡುವ ಪುಟ್ಟ ಡಬ್ಬಿ) ಇರುವ ಈ ತರಹದ ಡಿಶ್, ಮುಖ ತೋರಿಸುವುದಕ್ಕಿಂತ 20 ಡಿಗ್ರಿಗೂ ಜಾಸ್ತಿ ಮೇಲಿನಿಂದ ಸಿಗ್ನಲ್ ಹಿಡಿಯುತ್ತದೆ. 20 ಅಡಿ ದೂರದ ಮರ ಡಿಶ್‌ಗಿಂತ 40 ಅಡಿ ಎತ್ತರ ಬೆಳೆದಿದ್ದರೆ ಮಾತ್ರ ಅಡ್ಡ. ನಮ್ಮ ಹಲಸು ಅಷ್ಟಿರಲಿಲ್ಲ.

ಹಾಗಾಗಿ ಡಿಶ್ಶನ್ನೇ ಕೆಳಗಿಳಿಸಿದೆ. ಅಂಚಿನಿಂದ ಅಂಚಿಗೆ ಎರಡು ದಾರ ಅಡ್ಡಡ್ಡ ಬಿಗಿದು ಕಟ್ಟಿದೆ. ಅಂಚು ಸೊಟ್ಟಗಾಗಿರದಿದ್ದರೆ ನಡುವೆ ದಾರಗಳು ಒಂದಕ್ಕೊಂದು ತಾಗಬೇಕು. ಇಲ್ಲಿ ಒಂದು ಬೆರಳು ಅಂತರ. ಗೋಣಿ ಹಾಸಿ, ಮೊಣಕಾಲು ಊರಿ, ಮೆಲ್ಲಗೆ ಒತ್ತಿ ಒತ್ತಿ ದಾರ ತಾಗುವ ತನಕ ಸರಿಮಾಡಿದೆ.

ಎಲ್‌ಎನ್‌ಬಿಯ ಮೂತಿಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಕೆರೆದು ಒರೆಸಿದೆ. ಕೇಬಲ್ ತುದಿಯ ಕನೆಕ್ಟರ್ ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು! ಮಳೆ ನೀರು ಅಲ್ಲಿಂದ ಕೇಬಲ್ ಒಳಗೂ ಇಳಿದಿತ್ತು. ತಾಮ್ರದ ತಂತಿ ಹೊಳೆಯುವ ತನಕ ಕತ್ತರಿಸುತ್ತಾ ಹೋದೆ, ಒಂದು ಗೇಣು ಹೋಯಿತು. ಹೊಸ ಕನೆಕ್ಟರ್‌ಗೆ 15 ರೂಪಾಯಿ.

ಮತ್ತೆ ಮೇಲೇರಿಸಿದೆ. ಮೊಬೈಲಿನ ದಿಕ್ಸೂಚಿಯನ್ನು ಕಬ್ಬಿಣದ ಕಂಬದ ಹತ್ತಿರ ಹಿಡಿಯಬಾರದು, ದಾರಿ ತಪ್ಪಿಸುತ್ತದೆ. ನಾಲ್ಕು ಹೆಜ್ಜೆ ದೂರ ನಿಂತು ಆಗ್ನೇಯ ಗುರುತು ಮಾಡಿಕೊಂಡೆ. ಅಮ್ಮ ಟಿವಿ ಮುಂದೆ ಕೂತು ಕಿಟಕಿಯಿಂದ ಕೂಗಿ ಅಂಕಿ ಹೇಳುತ್ತಿದ್ದರು.

"ಎಂಬತ್ತು ಅಂತ ತೋರಿಸ್ತಿದೆ!"

"ಅದು ಸ್ಟ್ರೆಂತ್ ಅಮ್ಮ, ಕೆಳಗಿನ ಕ್ವಾಲಿಟಿ ಎಷ್ಟು?"

"ಅದು ಸೊನ್ನೆ ಮಾರಾಯ."

ಎಷ್ಟೋ ಜನ ಸೋಲುವುದು ಇಲ್ಲೇ. ಡಿಶ್ ಎತ್ತಲೋ ನೋಡುತ್ತಿದ್ದರೂ ಸ್ಟ್ರೆಂತ್ ಚೆನ್ನಾಗಿಯೇ ತೋರಿಸುತ್ತದೆ. ನಮಗೆ ಬೇಕಾದ ಉಪಗ್ರಹ ಸಿಕ್ಕಿದೆಯಾ ಅಂತ ಹೇಳುವುದು ಕ್ವಾಲಿಟಿ. ಕೂದಲೆಳೆಯಷ್ಟು ತಿರುಗಿಸುವುದು, ನಿಲ್ಲುವುದು. ಬಾಕ್ಸ್‌ನ ಅಂಕಿ ಒಂದೆರಡು ಸೆಕೆಂಡ್ ತಡವಾಗಿ ಬದಲಾಗುತ್ತದೆ, ಅವಸರ ಮಾಡಿದರೆ ಸಿಕ್ಕಿದ್ದೂ ದಾಟಿಹೋಗುತ್ತದೆ. ಒಮ್ಮೆ 35, ಆಮೇಲೆ 48. ಎಲ್‌ಎನ್‌ಬಿ ಪಕ್ಕದ ಮನೆಯವರು ಹಿಡಿಯುತ್ತಿದ್ದ ಹಳೇ ಉಪಗ್ರಹಕ್ಕೆ ಹೊಂದಿಸಿದ ಓರೆಯಲ್ಲೇ ಕೂತಿತ್ತು. ಹಿಡಿ ಸಡಿಲಿಸಿ ಅದನ್ನೇ ಸ್ವಲ್ಪ ತಿರುವಿದೆ.

"ಎಪ್ಪತ್ತು! ಮುಟ್ಟಬೇಡ, ಹಾಗೇ ಬಿಡು!"

ಬೋಲ್ಟುಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ ಬಿಗಿದೆ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಜರುಗಿಬಿಡುತ್ತದೆ. ಕಂಬಕ್ಕೂ ಹಿಡಿಗೂ ಸೇರಿಸಿ ಮಾರ್ಕರ್‌ನಿಂದ ಗೆರೆ ಎಳೆದಿಟ್ಟೆ. ಅಪ್ಪಯ್ಯ ಮಾತಾಡದೆ ಕತ್ತಿಯನ್ನು ಮೊಳೆಗೆ ಸಿಗಿಸಿದರು.

ಮುಂಗಾರು ಶುರುವಾದ ಮೇಲೆ ಅಮ್ಮ ಫೋನ್ ಮಾಡಿದರೆ ಮೊದಲು ಹೇಳುವುದೇ ಕ್ವಾಲಿಟಿ ಅಂಕಿ. ಮೊನ್ನೆ ಮಳೆಯಲ್ಲೂ 62 ಇತ್ತಂತೆ.