ಗಾಂಧಾರ ಸಿಕ್ಕ ಪಂಕ್ ಹಾಡುಗಳು

ಅಬ್ಬರದ ಪಂಕ್ ರಾಕ್ ಹಾಡುಗಳನ್ನು ಬ್ರೆಜಿಲಿನ ಮೆಲುದನಿಯ ಬೋಸಾ ನೋವಾ ಶೈಲಿಗೆ ತಿರುಗಿಸಿ ಹಾಡುವ ಕಛೇರಿಗೆ ಹೋದರೆ ಬಾರ್ ಕೌಂಟರ್ ಪಕ್ಕ ನಿಲ್ಲಬೇಡಿ. ಪಂಕ್ ಕಛೇರಿಯಾದರೆ ಅದು ಒಳ್ಳೆಯ ಜಾಗವೇ: ನೂಕಾಟವಿಲ್ಲ, ಸದ್ದು ಎಲ್ಲಿ ನಿಂತರೂ ಬಂದು ಬಡಿಯುತ್ತದೆ. ಅವೇ ಹಾಡುಗಳನ್ನು ಬೋಸಾ ನೋವಾದಲ್ಲಿ ಹಾಡುವಾಗ ಮಾತ್ರ, ಗಾಯಕಿಯ ಪಿಸುದನಿಗಿಂತ ಲೋಟದ ಐಸಿನ ಗಲಗಲವೇ ಹೆಚ್ಚು ಕೇಳುತ್ತದೆ. ಪ್ಯಾರಿಸ್‌ನ ಪಿಗಾಲ್ ಬಳಿಯ ಒಂದು ಸಣ್ಣ ಹಾಲ್‌ನಲ್ಲಿ ಮೊದಲ ಎರಡು ಹಾಡು ಹೀಗೇ ಹಾಳಾದವು. ಚೀಲ ಒಪ್ಪಿಸುವ ಸಾಲಿನಲ್ಲಿ ಇಪ್ಪತ್ತು ನಿಮಿಷ ಕಳೆದು ಒಳಗೆ ಬಂದರೆ ಖಾಲಿ ಇದ್ದದ್ದು ಆ ಮೂಲೆಯೊಂದೇ. ಬೆನ್ನಚೀಲವನ್ನು ಹೋಟೆಲ್ಲಿನಲ್ಲೇ ಬಿಟ್ಟು ಬನ್ನಿ.

ಈ ಬಗೆಯ ಮರುಜೋಡಣೆಗೆ ದಾರಿ ಮಾಡಿದ್ದು ಫ್ರಾನ್ಸಿನವರೇ ಆದ ಮಾರ್ಕ್ ಕೊಲಾಂ ಮತ್ತು ಒಲಿವಿಯೆ ಲಿಬೊ. ಅವರ ನೂವೆಲ್ ವಾಗ್ ತಂಡದ ಮೊದಲ ಆಲ್ಬಮ್ ಬಂದದ್ದು 2004ರಲ್ಲಿ. ಫ್ರೆಂಚಿನಲ್ಲಿ ಆ ಹೆಸರಿಗೆ ಹೊಸ ಅಲೆ ಎಂದರ್ಥ. ಪೋರ್ಚುಗೀಸಿನ ಬೋಸಾ ನೋವಾ ಎಂದರೆ ಹೊಸ ವರಸೆ. ಆ ರಾತ್ರಿ ನುಡಿಸಿದ್ದು ಅದೇ ದಾರಿ ಹಿಡಿದ ಐವರ ಇನ್ನೊಂದು ತಂಡ.

ಮೂರನೇ ಹಾಡಿಗೆ ಸೌಂಡ್ ಮಿಕ್ಸರ್‌ನ ಪಕ್ಕಕ್ಕೆ ಜಾಗ ಬದಲಿಸಿದ ಮೇಲೆ ಎಲ್ಲ ತಿಳಿಯಾಯಿತು. ಡ್ರಮ್ಮರ್ ಕೋಲನ್ನು ಸ್ನೇರ್ ಎಂಬ ಚಿಕ್ಕ ಡ್ರಮ್ಮಿನ ಮೇಲೆ ಅಡ್ಡಡ್ಡ ಒರಗಿಸಿ ಅಂಚಿಗೆ ಮಾತ್ರ 'ಟಕ್' ಎಂದು ತಟ್ಟುತ್ತಿದ್ದ. ಗಿಟಾರ್‌ಗೆ ನೈಲಾನ್ ತಂತಿ, ಮೀಟಲು ಪಿಕ್ ಇಲ್ಲ, ಬರಿ ಬೆರಳು. ಹೆಬ್ಬೆರಳು ಮಂದ್ರದಲ್ಲಿ ಸಮನಾಗಿ ನಡೆಯುತ್ತದೆ, ಬ್ರೆಜಿಲಿನ ಸಾಂಬಾ ಕುಣಿತದ ದೊಡ್ಡ ಡೋಲಿನ ಕೆಲಸ ಅದರದು. ಉಳಿದ ಮೂರು ಬೆರಳು ಸ್ವರಗುಚ್ಛವನ್ನು ಒಟ್ಟಿಗೆ ಮೀಟುತ್ತವೆ, ಆದರೆ ತಾಳದ ಪೆಟ್ಟಿಗೆ ಕೊಂಚ ಮುಂಚೆಯೋ ಆಮೇಲೋ. 1958ರಲ್ಲಿ ಬ್ರೆಜಿಲಿನ ಗಾಯಕ ಜೊವಾವ್ ಜಿಲ್ಬರ್ಟೊ ರೂಢಿಗೆ ತಂದ ಕೈ ಇದು.

ನಿಜವಾದ ಪೇಚು ಬೇರೆಡೆ ಇದೆ. ಪಂಕ್ ಗಿಟಾರ್ ನುಡಿಸುವುದು ಬಹುಪಾಲು ಷಡ್ಜ ಮತ್ತು ಪಂಚಮ ಎರಡನ್ನೇ. ಗಿಟಾರಿನ ದನಿಯನ್ನು ಬೇಕೆಂದೇ ಒಡೆಸುವ ಡಿಸ್ಟಾರ್ಷನ್‌ನಲ್ಲಿ ಮೂರನೇ ಸ್ವರ ಸೇರಿದರೆ ಕಲಸುಮೇಲೋಗರವಾಗುತ್ತದೆಂದು ಗಾಂಧಾರವನ್ನೇ ಬಿಟ್ಟಿರುತ್ತಾರೆ. ಬೋಸಾ ನೋವಾಕ್ಕೆ ತರುವಾಗ ಅದನ್ನು ಕೂಡಿಸಲೇಬೇಕು, ಮೇಲೆ ನಿಷಾದವನ್ನೂ. ಕೂಡಿಸಿದ್ದು ತಗ್ಗಿನ ಸಾಧಾರಣ ಗಾಂಧಾರವೋ ಅದಕ್ಕಿಂತ ಮೇಲಿನ ಅಂತರ ಗಾಂಧಾರವೋ ಎನ್ನುವುದರ ಮೇಲೆ ಹಾಡಿನ ಮುಖವೇ ಬದಲಾಗುತ್ತದೆ. ಕಣ್ಣು ಮುಚ್ಚಿ ಎಲ್ಲಕ್ಕೂ ಅಂತರ ಗಾಂಧಾರ ತುಂಬಿದರೆ ಹೋಟೆಲ್ ಲಾಬಿಯ ಸಂಗೀತವಾಗುತ್ತದೆ; ಈ ತಂಡವೂ ಐದನೆಯ ಹಾಡಿನಲ್ಲಿ ಅಲ್ಲಿಗೇ ಜಾರಿತು, ಕೀಬೋರ್ಡಿನಿಂದ ಕಡಲಲೆಯ ಸದ್ದು ಬೇರೆ.

ವಿರಾಮದಲ್ಲಿ ಸೌಂಡ್ ಇಂಜಿನಿಯರ್ ಮಾತಿಗೆ ಸಿಕ್ಕರು.

"ಗಿಟಾರ್ ಮುಂದೆ ಮೈಕೇ ಇಟ್ಟಿಲ್ಲವಲ್ಲ?"

"ಇಟ್ಟರೆ ಕೂಗುತ್ತೆ. ನೈಲಾನ್ ಗಿಟಾರಿನ ಹೊಟ್ಟೆ ನೂರು, ಇನ್ನೂರು ಹರ್ಟ್ಸ್ ನಡುವೆ ತಾನಾಗಿ ಅದುರುತ್ತೆ. ಸ್ಪೀಕರ್ ಸದ್ದು ಅದಕ್ಕೆ ತಾಗಿತು ಅಂದರೆ ಮುಗೀತು. ಅದಕ್ಕೇ ಗಿಟಾರಿನ ಅದುರನ್ನೇ ಹಿಡಿಯೋ ಪಿಕಪ್ ಒಳಗಡೆ ಹಾಕಿ, ಆ ನೂರು-ಇನ್ನೂರು ಹರ್ಟ್ಸ್ ಸದ್ದನ್ನು ಸ್ವಲ್ಪ ಕತ್ತರಿಸ್ತೀನಿ."

"ಮತ್ತೆ ಗಾಯಕಿಯ ದನಿ?"

"ತುಟಿಗೂ ಮೈಕಿಗೂ ಎರಡು ಬೆರಳು ಅಂತರ, ಅಷ್ಟೆ. ದೂರ ಹೋದರೆ ಡ್ರಮ್ಮೇ ಮೈಕೊಳಗೆ ಬರುತ್ತೆ. ಹತ್ತಿರ ಬಂದರೆ ತಗ್ಗಿನ ಸದ್ದು ಉಬ್ಬುತ್ತೆ, ಅದನ್ನೂ ಇಳಿಸಬೇಕು. ಪಂಕ್ ತಂಡ ನನಗೆ ಸುಲಭ. ಅಲ್ಲಿ ತಪ್ಪು ಯಾರಿಗೂ ಕೇಳಿಸಲ್ಲ."

15 ನಿಮಿಷದ ಸರಾಸರಿ 102 ಡೆಸಿಬೆಲ್ ದಾಟಬಾರದೆಂಬುದು ಫ್ರಾನ್ಸಿನ ನಿಯಮ. ಅವರ ಮೀಟರ್ ಅದರ ಹತ್ತಿರಕ್ಕೂ ಹೋಗಿರಲಿಲ್ಲ. ಬಾಗಿಲಲ್ಲಿ ಪುಕ್ಕಟೆ ಕೊಟ್ಟ ಕಿವಿಬಿರಡೆ ಜೇಬಿನಲ್ಲೇ ಉಳಿಯಿತು.

ವಿರಾಮದ ನಂತರ ಬಂದದ್ದು 'ದ ಗನ್ಸ್ ಆಫ್ ಬ್ರಿಕ್ಸ್‌ಟನ್'. ಇಂಗ್ಲೆಂಡಿನ ಪಂಕ್ ತಂಡ ಕ್ಲ್ಯಾಶ್‌ನ ಬಾಸ್ ಗಿಟಾರ್ ವಾದಕ ಪಾಲ್ ಸಿಮೊನನ್ ಬರೆದು ಹಾಡಿದ, 1979ರ ಹಾಡು. ಮೂಲದಲ್ಲೇ ಜಮೈಕಾದ ರೆಗ್ಗೆಯ ನಡೆ ಇರುವುದರಿಂದ ಬೋಸಾ ನೋವಾಕ್ಕೆ ಅದು ಸಲೀಸಾಗಿ ಒಗ್ಗುತ್ತದೆ. ಪೊಲೀಸರು ಬಾಗಿಲು ಒದೆದು ಒಳನುಗ್ಗಿದಾಗ ಹೇಗೆ ಹೊರಬರುತ್ತೀಯ ಎಂಬ ಪ್ರಶ್ನೆಯನ್ನು ಗಾಯಕಿ ಜೋಗುಳದ ದನಿಯಲ್ಲಿ, ತಾಳಕ್ಕೆ ಅರೆಹೆಜ್ಜೆ ಹಿಂದೆ ಎಳೆದು ಕೇಳಿದಳು. ಕಿರುಚಿದಾಗ ಅದು ಸವಾಲು, ಇಲ್ಲಿ ಪಕ್ಕದಲ್ಲೇ ಕೂತವರು ಕೇಳಿದಂತಿತ್ತು. ಬಾರ್‌ನಲ್ಲಿ ಐಸ್ ಅಲ್ಲಾಡಿಸುವುದೂ ನಿಂತಿತು.

ಕೊನೆಗೆ ಅಮೆರಿಕದ ಪಂಕ್ ತಂಡ ಡೆಡ್ ಕೆನೆಡೀಸ್‌ನ 1981ರ ಹಾಡು, ಶೀರ್ಷಿಕೆಯನ್ನು ಇಲ್ಲಿ ಬರೆಯುವಂತಿಲ್ಲ. ಪಲ್ಲವಿ ಬಂದೊಡನೆ ಇಡೀ ಹಾಲ್ ಪಂಕ್ ಗಂಟಲಿನಲ್ಲಿ ಅರಚಿ ಗಾಯಕಿಯನ್ನು ಮುಳುಗಿಸಿತು. ಇಂಜಿನಿಯರ್ ಆಕೆಯ ದನಿ ಏರಿಳಿಸುವ ಫೇಡರ್ ಏರಿಸಲಿಲ್ಲ, ಇಳಿಸಿದರು. ಎರಡು ಸಾಲು ಕಳೆಯುವಷ್ಟರಲ್ಲಿ ಜನ ಕೇಳಿಸಿಕೊಳ್ಳಲೆಂದು ತಾವೇ ಬಾಯಿ ಮುಚ್ಚಿದರು.